ಗೋಬರ್ ಗ್ಯಾಸ್ ‘4 ಕ್ಯೂಬಿಕ್’ ಅಂತಾರೆ, ನಿಜಕ್ಕೂ ಎಷ್ಟು ಬರ್ತದೆ ಅಂತ ಅಳೆಯುವುದು ಹೇಗೆ?

ಹೆಬ್ರಿ_ಹಟ್ಟಿ

ನಮಸ್ಕಾರ ಎಲ್ಲರಿಗೂ. ಹಟ್ಟಿಯಲ್ಲಿ ಆರು ದನ, ಎಲ್ಲವೂ ಜರ್ಸಿ ಕ್ರಾಸ್. ದೀನಬಂಧು ಮಾದರಿಯ (ನೆಲದಡಿಯ ಗುಮ್ಮಟದ ತರದ್ದು) ಟ್ಯಾಂಕಿ, ಕಟ್ಟಿಸುವಾಗ ‘4 ಕ್ಯೂಬಿಕ್ ಮೀಟರ್’ ಅಂತ ಹೇಳಿದ್ದು. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಒಂದು ಒಲೆ ಉರೀತದೆ, ಮಳೆಗಾಲ ಹಿಡಿದರೆ ಅದರ ಅರ್ಧ. ಕಟ್ಟಿದವರನ್ನು ಕೇಳಿದರೆ ‘ಸಗಣಿ ಜಾಸ್ತಿ ಹಾಕಿ’ ಅಂತಾರೆ. ಹಾಕಿದ್ದೂ ಆಯಿತು. ಈಗ ನನ್ನ ಪ್ರಶ್ನೆ ಬೇರೆ: ಟ್ಯಾಂಕಿ ಸರಿ ಇದೆಯೋ ಇಲ್ಲವೋ ಅಂತ ಯಾರನ್ನೂ ಕೇಳದೆ ನಾನೇ ಅಳೆದು ನೋಡಬಹುದಾ? ಮಾರ್ಚ್‌ನಲ್ಲಿ ಒಂದು ವಾರ ಲೆಕ್ಕ ಇಟ್ಟರೆ ಸಾಕಾ? ಅನುಭವ ಇದ್ದವರು ಹೇಳಿ.

ಕುಂದಾಪ್ರ_ಗೋಪ

ಹ್ವಾಯ್, ನಮ್ದ್ ಹಳೇ ಡ್ರಮ್ಮಿಂದ್. ಅದಕ್ಕೆ ಮೀಟ್ರೂ ಬ್ಯಾಡ, ಎಂತದೂ ಬ್ಯಾಡ. ರಾತ್ರಿ ಒಲೆ ಆಫ್ ಮಾಡಿ ಡ್ರಮ್ಮಿಗೊಂದ್ ಗುರ್ತ್ ಹಾಕೂದ್, ಬೆಳಿಗ್ಗೆ ಎಷ್ಟ್ ಮೇಲ್ ಬಂತ್ ಅಂತ ಕಾಂಬುದ್, ಮುಗೀತ್. ನಿಮ್ದ್ ನೆಲದ ಅಡಿಗೆ ಹುಗ್ದದ್ದ್, ಒಳಗೆ ಎಂತ ಆತ್ತ್ ಅಂತ ದೇವ್ರಿಗೇ ಗೊತ್ತ್ ಮರ್ರೆ.

ಅಳತೆಗೋಲು

ಗೋಪಣ್ಣ ಹೇಳಿದ್ದು ಸರಿಯಾದ ವಿಧಾನವೇ, ಅದಕ್ಕೆ ಲೆಕ್ಕ ಸೇರಿಸಿದರೆ ಆಯಿತು. ಡ್ರಮ್ಮಿನ ಅಡ್ಡಳತೆ ಒಂದೂವರೆ ಮೀಟರ್ ಇದ್ದರೆ ಮೇಲ್ಮೈ 1.77 ಚದರ ಮೀಟರ್. ಹತ್ತು ಸೆಂಟಿಮೀಟರ್ ಏರಿದರೆ 177 ಲೀಟರ್ ಗ್ಯಾಸ್. ಎರಡು ಎಚ್ಚರ ಬೇಕು. ಡ್ರಮ್ ಪೂರ್ತಿ ಮೇಲೆ ಬಂದ ನಂತರ ಗ್ಯಾಸ್ ಪಕ್ಕದಿಂದ ಗುಳುಗುಳು ಅಂತ ಹೊರಗೆ ಹೋಗುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನೊಂದು, ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣದ ಡ್ರಮ್ ಕಾದು ಒಳಗಿನ ಗ್ಯಾಸ್ ಹಿಗ್ಗುತ್ತದೆ. ಹಾಗಾಗಿ ದಿನಾ ಒಂದೇ ಹೊತ್ತಿಗೆ, ಬೆಳಗಿನ ತಂಪಿನಲ್ಲೇ ನೋಡಬೇಕು.

ಹೆಬ್ರಿಯವರೇ, ನಿಮ್ಮ ಪ್ರಶ್ನೆಗೆ ಉದ್ದದ ಉತ್ತರ ಬೇಕಾಗುತ್ತದೆ. ಸಂಜೆ ಬರೆಯುತ್ತೇನೆ. ಅಷ್ಟರೊಳಗೆ ಒಂದು ಹೇಳಿ: ಹಟ್ಟಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ಹೆಬ್ರಿ_ಹಟ್ಟಿ

ಟ್ಯಾಂಕಿಗೇ. ಕಣಿ (ನೀರು ಹರಿಯುವ ಚರಂಡಿ) ನೇರ ಇನ್ಲೆಟ್‌ಗೆ ಕೊಟ್ಟದ್ದು. ಸಗಣಿ ಹೊರುವ ಕೆಲಸ ಉಳೀತದೆ ಅಂತ.

ಬ್ರಹ್ಮಾವರ_ಅಕ್ಕ

ಒಲೆ ಎಷ್ಟು ಗಂಟೆ ಉರೀತು ಅನ್ನುವುದನ್ನು ಅಳತೆ ಅಂತ ನಂಬಬೇಡಿ, ಅಡುಗೆ ಮಾಡುವವರಿಗೆ ಗೊತ್ತು ಅದರ ಕಥೆ. ಬೆಳಿಗ್ಗೆ ಒತ್ತಡ ಇರುವಾಗ ಹದಿನೈದು ನಿಮಿಷಕ್ಕೆ ಕುದಿಯುವ ಗಂಜಿ, ಸಂಜೆ ಗ್ಯಾಸ್ ಕಡಿಮೆ ಇರುವಾಗ ಮುಕ್ಕಾಲು ಗಂಟೆ. ಎರಡೂ ‘ಉರಿದ ಗಂಟೆ’ಯೇ. ನಮ್ಮ ಮನೆಯವರು ಪುಸ್ತಕದಲ್ಲಿ ‘ಐದು ಗಂಟೆ’ ಅಂತ ಹೆಮ್ಮೆಯಲ್ಲಿ ಬರೀತಿದ್ದರು. ಆ ಐದು ಗಂಟೆಯಲ್ಲಿ ಎರಡು ಗಂಟೆ ಬರೀ ದೀಪದ ಬತ್ತಿಯಷ್ಟು ಉರಿ!

ಅಳತೆಗೋಲು

ಅಕ್ಕ ಹೇಳಿದ್ದು ನೂರಕ್ಕೆ ನೂರು. ಸಾಮಾನ್ಯ ಗೋಬರ್ ಗ್ಯಾಸ್ ಒಲೆಯ ಒಂದು ಬರ್ನರ್ ಗಂಟೆಗೆ 0.45 ಘನಮೀಟರ್ ಗ್ಯಾಸ್ ಕುಡಿಯುತ್ತದೆ ಅಂತ ಲೆಕ್ಕ. ಅದು ಸರಿಯಾದ ಒತ್ತಡದಲ್ಲಿ, ಜೆಟ್ ಕಟ್ಟಿಕೊಳ್ಳದೆ ಇದ್ದಾಗ ಮಾತ್ರ. ಪರೀಕ್ಷೆ ಮಾಡುವುದು ಸುಲಭ. ಮುಚ್ಚಳ ಹಾಕಿದ ಪಾತ್ರೆಯಲ್ಲಿ ಐದು ಲೀಟರ್ ನೀರು ಇಡಿ. ನಮ್ಮ ಕರಾವಳಿಯ ಬಾವಿ ನೀರು 27 ಡಿಗ್ರಿ ಅಂತ ಇಟ್ಟುಕೊಂಡರೆ ಕುದಿಸಲು ಸುಮಾರು 1.5 ಮೆಗಾಜೂಲ್ ಬೇಕು. ಒಲೆಯ ದಕ್ಷತೆ 55 ಶೇಕಡ ಅಂದರೆ ಸುಮಾರು 140 ಲೀಟರ್ ಗ್ಯಾಸ್. ಬರ್ನರ್ ಸರಿಯಾಗಿ ಎಳೆಯುತ್ತಿದ್ದರೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಕುದಿಯಬೇಕು. ನಲವತ್ತು ನಿಮಿಷ ಹಿಡಿದರೆ ಆ ಒಲೆಯ ಗಂಟೆಯನ್ನು 0.45ರಿಂದ ಗುಣಿಸುವ ಹಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ‘4 ಕ್ಯೂಬಿಕ್’ ಅನ್ನುವುದು ಟ್ಯಾಂಕಿಯ ಗುಣ ಅಲ್ಲ. ಇಷ್ಟು ಸಗಣಿ, ಇಷ್ಟೇ ನೀರು, ಇಷ್ಟು ದಿನ ಒಳಗೆ ನಿಂತರೆ ಬರುವ ಗ್ಯಾಸ್ ಅದು. ಒಂದು ಕಿಲೋ ಹಸಿ ಸಗಣಿಗೆ ಸುಮಾರು 40 ಲೀಟರ್ ಅನ್ನುವುದು ವಾಡಿಕೆಯ ಲೆಕ್ಕ, ಅಂದರೆ ನಾಲ್ಕು ಘನಮೀಟರಿಗೆ ದಿನಕ್ಕೆ 100 ಕಿಲೋ. ನೀರು ಅಷ್ಟೇ ಪ್ರಮಾಣದಲ್ಲಿ, ಒಂದಕ್ಕೊಂದು. ಒಟ್ಟು 200 ಲೀಟರ್. ನಮ್ಮ ಬಿಸಿ ಊರುಗಳಿಗೆ 30 ದಿನದ ತಂಗುವಿಕೆ ಸಾಕು ಅಂತ ವಿನ್ಯಾಸ ಮಾಡುತ್ತಾರೆ, ಚಳಿ ಇರುವ ಕಡೆ 55 ದಿನದವರೆಗೂ ಹೋಗುತ್ತದೆ. ಅಂದರೆ ನಿಮ್ಮ ಟ್ಯಾಂಕಿಯಲ್ಲಿ ಸ್ಲರಿ (ಸಗಣಿ ನೀರು ಕಲಸಿದ ರಾಡಿ) ನಿಲ್ಲುವ ಜಾಗ ಆರು ಘನಮೀಟರ್ ಇರಬೇಕು. ಕಟ್ಟಿದ ಅಳತೆಯ ಕಾಗದ ಇದ್ದರೆ ನೋಡಿ.

ಇನ್ನು ಕಣಿಯ ವಿಚಾರ. ಪೈಪು ಹಿಡಿದು ಹಟ್ಟಿ ತೊಳೆದರೆ ನಿಮಿಷಕ್ಕೆ ಹದಿನೈದು ಲೀಟರ್ ಸಲೀಸಾಗಿ ಹೋಗುತ್ತದೆ. ಮೂವತ್ತು ನಿಮಿಷಕ್ಕೆ 450 ಲೀಟರ್. 200 ಲೀಟರ್ ಹೋಗಬೇಕಾದಲ್ಲಿ 550 ಹೋದರೆ ಮೂವತ್ತು ದಿನ ನಿಲ್ಲಬೇಕಾದ ಸ್ಲರಿ ಹನ್ನೊಂದು ದಿನಕ್ಕೆ ಹೊರಗೆ. ಮೀಥೇನ್ ಮಾಡುವ ಜೀವಾಣುಗಳು ಒಂದಕ್ಕೆ ಎರಡಾಗಲು ದಿನಗಟ್ಟಲೆ ತೆಗೆದುಕೊಳ್ಳುತ್ತವೆ. ಅವು ಹುಟ್ಟುವುದಕ್ಕಿಂತ ಬೇಗ ನೀವು ತೊಳೆದು ಹೊರಗೆ ಹಾಕಿದರೆ ಗ್ಯಾಸ್ ಎಲ್ಲಿಂದ ಬರಬೇಕು?

ಮಳೆಗಾಲದಲ್ಲಿ ಇದು ಇನ್ನೂ ಕೆಟ್ಟದು. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರಿಗೆ ಒಂದು ಲೀಟರ್. ಹಟ್ಟಿಯ ಎದುರು ಹತ್ತು ಚದರ ಮೀಟರ್ ಅಂಗಳದ ನೀರು ಆ ಕಣಿಗೆ ಇಳಿದರೆ, 100 ಮಿಲಿಮೀಟರ್ ಸುರಿದ ಆಟಿಯ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು) ಒಂದು ದಿನದಲ್ಲಿ ಸಾವಿರ ಲೀಟರ್. ಆರು ದಿನ ಬಿಡದೆ ಜಡಿದರೆ ಟ್ಯಾಂಕಿಯಷ್ಟೇ ನೀರು. ‘ಚಳಿಗೆ ಗ್ಯಾಸ್ ಕಡಿಮೆ’ ಅಂತ ಎಲ್ಲರೂ ಹೇಳುವುದನ್ನು ಕೇಳಿದ್ದೇನೆ. ನಮ್ಮ ಊರಿನಲ್ಲಿ ಎಂಥ ಚಳಿ ಮಾರಾಯ್ರೆ! ಆಟಿಯಲ್ಲಿ ಗ್ಯಾಸ್ ಕಡಿಮೆಯಾಗುವುದಕ್ಕೆ ಚಳಿಗಿಂತ ದೊಡ್ಡ ಕಾರಣ ನೀರು ಅಂತ ನನ್ನ ಅಭಿಪ್ರಾಯ.

ಕುಂದಾಪ್ರ_ಗೋಪ

ಅದ್ ಹೌದ್ ಕಾಣಿ. ನಮ್ಮ ಹಟ್ಟಿಗೆ ಸೊಪ್ಪು ಹಾಕೂದ್, ತೊಳೂದ್ ಇಲ್ಲ. ಮಳೆಗಾಲದಂಗೂ ಗ್ಯಾಸ್ ಅಷ್ಟೇ ಬತ್ತ್. ಆದ್ರೆ ಸೊಪ್ಪು ಒಳಗೆ ಹೋಯಿ ಮೇಲೆ ಕೆನೆ ಕಟ್ತತ್ತ್, ಅದೊಂದ್ ಬೇರೆ ತಲೆಬಿಸಿ.

ಪಡುಬಿದ್ರಿ_ಫಿಟ್ಟರ್

ಮೀಟರ್ ಬಗ್ಗೆ ಒಂದು ಮಾತು. ಮಂಗಳೂರಿನಲ್ಲಿ ಪೈಪ್ ಗ್ಯಾಸ್ ಇರುವ ಮನೆಗಳಿಗೆ ಹಾಕ್ತಾರಲ್ಲ, ಆ ತರದ ಡಯಾಫ್ರಮ್ ಮೀಟರ್ ಗೋಬರ್ ಗ್ಯಾಸಿಗೂ ಆಗ್ತದೆ. ಆದರೆ ಹಾಗೇ ಪೈಪಿಗೆ ಸಿಕ್ಕಿಸಿದರೆ ಬೇಗ ಹಾಳು. ಗೋಬರ್ ಗ್ಯಾಸಿನಲ್ಲಿ ನೀರಿನ ಆವಿ ತುಂಬಿರ್ತದೆ, ಪೈಪು ತಣ್ಣಗಾದ ಹಾಗೆ ಅದು ನೀರಾಗಿ ಇಳೀತದೆ. ಲೈನಿನಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ನೀರಿನ ಟ್ರ್ಯಾಪ್ ಹಾಕಿ, ಮೀಟರ್ ಅದರ ಆಚೆಗೆ, ಸ್ವಲ್ಪ ಎತ್ತರದಲ್ಲಿ ಇರಲಿ. ಇನ್ನೊಂದು ಶತ್ರು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆ. ಅದು ಲೋಹವನ್ನು ತಿಂತದೆ. ಮೀಟರಿನ ಮೊದಲು ಒಂದು ಅಗಲ ಪೈಪಿನ ತುಂಡಿನಲ್ಲಿ ತುಕ್ಕು ಹಿಡಿಸಿದ ಸ್ಟೀಲ್ ಉಣ್ಣೆ ತುಂಬಿಸಿಟ್ಟರೆ ಎಷ್ಟೋ ತಡೀತದೆ. ಕಪ್ಪಾದಾಗ ಬದಲಾಯಿಸಿ. ತೆಗೆದದ್ದು ಗಾಳಿಗೆ ಬಿಸಿಯಾಗ್ತದೆ, ಒಣಹುಲ್ಲಿನ ಹತ್ತಿರ ಬಿಸಾಡಬೇಡಿ. ಮೀಟರ್ ತಗೊಳ್ಳುವಾಗ ಎಷ್ಟು ಒತ್ತಡದವರೆಗೆ ಅಂತ ಅದರ ಮೇಲೆ ಬರೆದದ್ದು ಓದಿ. ಡ್ರಮ್ಮಿನದ್ದು ಹತ್ತು ಸೆಂಟಿಮೀಟರ್ ನೀರಿನ ಒತ್ತಡ, ದಿನವಿಡೀ ಹೆಚ್ಚುಕಡಿಮೆ ಒಂದೇ. ದೀನಬಂಧುವಿನಲ್ಲಿ ಗ್ಯಾಸ್ ತುಂಬಿದಾಗ ತೊಂಬತ್ತು ಸೆಂಟಿಮೀಟರಿನ ಹತ್ತಿರವೂ ಹೋಗ್ತದೆ.

ಅಳತೆಗೋಲು

ಫಿಟ್ಟರ್ ಅಣ್ಣ ಹೇಳಿದ ಒತ್ತಡದ ಮಾತಿನಿಂದಲೇ ಇನ್ನೊಂದು ಹೊರಡುತ್ತದೆ. ಮೀಟರ್ ತೋರಿಸುವ ಒಂದು ಘನಮೀಟರ್ ಎಲ್ಲ ಕಡೆ ಒಂದೇ ಅಲ್ಲ. ನಮ್ಮಲ್ಲಿ 30 ಡಿಗ್ರಿಯ ಹಸಿ ಗ್ಯಾಸ್, ಅದರಲ್ಲಿ ನಾಲ್ಕು ಶೇಕಡದಷ್ಟು ಬರೀ ನೀರಾವಿ. ಸೊನ್ನೆ ಡಿಗ್ರಿಯ ಒಣ ಗ್ಯಾಸಿಗೆ ಪರಿವರ್ತಿಸಿದರೆ ಉಳಿಯುವುದು ಸುಮಾರು 0.86 ಘನಮೀಟರ್. ಹೊರದೇಶದ ವರದಿಯ ಅಂಕಿಯ ಜೊತೆ ನಮ್ಮದನ್ನು ಇಟ್ಟು ‘ನಮ್ಮದೇ ಜಾಸ್ತಿ’ ಅಂತ ಖುಷಿಪಡುವವರು ಇದನ್ನು ಮರೆಯುತ್ತಾರೆ. ಮನೆ ಬಳಕೆಗೆ ಈ ತಿದ್ದುಪಡಿ ಬೇಡ, ಹೋಲಿಸುವಾಗ ಬೇಕು.

ಹೆಬ್ರಿ_ಹಟ್ಟಿ

ಇಷ್ಟೆಲ್ಲ ಇದೆಯಾ! ಸರಿ, ಮೀಟರ್ ಹಾಕಿಸ್ತೇನೆ ಅಂತಲೇ ಇಟ್ಟುಕೊಳ್ಳಿ. ಎರಡು ಘನಮೀಟರ್ ಅಂತ ತೋರಿಸಿತು. ಉಳಿದ ಎರಡು ಆಗಲೇ ಇಲ್ಲವೋ, ಆಗಿ ಎಲ್ಲಿಯೋ ಸೋರಿ ಹೋಯಿತೋ ಅಂತ ಹೇಗೆ ಗೊತ್ತಾಗ್ತದೆ?

ಪಡುಬಿದ್ರಿ_ಫಿಟ್ಟರ್

ಸೋಪಿನ ನೀರು ಮಾರಾಯ್ರೆ. ಜಾಯಿಂಟು, ವಾಲ್ವು, ಡೋಮಿನ ಪೈಪ್ ಹೊರಬರುವ ಜಾಗ. ಗುಳ್ಳೆ ಬಂದರೆ ಸೋರಿಕೆ. ಡೋಮಿಗೇ ಬಿರುಕು ಬಿಟ್ಟಿದ್ದರೆ ಮಣ್ಣು ಸರಿಸಿ ನೋಡಬೇಕು. ಬೆಂಕಿಕಡ್ಡಿ ಹಿಡಿದು ಹುಡುಕಬೇಡಿ.

ಅಳತೆಗೋಲು

ಹೆಬ್ರಿಯವರ ಈ ಪ್ರಶ್ನೆಯೇ ಅಳತೆಯ ತಿರುಳು. ಇದಕ್ಕೆ ಗ್ಯಾಸ್ ಮೀಟರ್ ಒಂದರಿಂದ ಉತ್ತರ ಸಿಗುವುದಿಲ್ಲ. ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಘನವಸ್ತುವಿನ ಲೆಕ್ಕ ಬೇಕು.

ನೂರು ಗ್ರಾಂ ಹಸಿ ಸಗಣಿಯನ್ನು 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದರೆ ಸುಮಾರು 18 ಗ್ರಾಂ ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಅದನ್ನು 550 ಡಿಗ್ರಿಯಲ್ಲಿ ಸುಟ್ಟರೆ ಬೂದಿ ಉಳಿಯುತ್ತದೆ, ಸುಮಾರು ಮೂರೂವರೆ ಗ್ರಾಂ. ಸುಟ್ಟುಹೋದ ಹದಿನಾಲ್ಕೂವರೆ ಗ್ರಾಂ ಇದೆಯಲ್ಲ, ಸಾವಯವ ಅಂಶ, ಗ್ಯಾಸ್ ಆಗುವುದು ಅದರೊಳಗಿಂದ ಮಾತ್ರ. 100 ಕಿಲೋ ಸಗಣಿಗೆ ಹದಿನಾಲ್ಕೂವರೆ ಕಿಲೋ ಸಾವಯವ. ಅದರಿಂದ ನಾಲ್ಕು ಘನಮೀಟರ್ ಗ್ಯಾಸ್ ಬಂದರೆ ಕಿಲೋಗೆ 0.28 ಘನಮೀಟರ್ ಆಯಿತು, ಒಳ್ಳೆಯ ಟ್ಯಾಂಕಿ. ಎರಡೇ ಬಂದರೆ 0.14, ಎಲ್ಲೋ ಏನೋ ತಪ್ಪಿದೆ.

ಎಲ್ಲಿ ತಪ್ಪಿದೆ ಅಂತ ಹೇಳುವುದು ಹೊರಬರುವ ಸ್ಲರಿ. ನಮ್ಮ ಉಷ್ಣತೆಯಲ್ಲಿ ಒಂದು ಘನಮೀಟರ್ ಗೋಬರ್ ಗ್ಯಾಸ್ ಹೆಚ್ಚುಕಡಿಮೆ 1.15 ಕಿಲೋ ತೂಗುತ್ತದೆ. ನಾಲ್ಕು ಘನಮೀಟರ್ ಹೊರಟರೆ ನಾಲ್ಕೂವರೆ ಕಿಲೋ ಸಾವಯವ ಕರಗಿರಬೇಕು, ಮೂವತ್ತು ಶೇಕಡದ ಆಸುಪಾಸು. ಸ್ಲರಿಯ ಪರೀಕ್ಷೆಯಲ್ಲಿ ಮೂವತ್ತು ಶೇಕಡ ಕರಗಿದೆ ಅಂತ ಬಂದು, ಮೀಟರಿನಲ್ಲಿ ಎರಡೇ ಘನಮೀಟರ್ ಕಂಡರೆ ಗ್ಯಾಸ್ ಆಗಿದೆ, ಸೋರಿದೆ. ಕರಗಿದ್ದೇ ಹದಿನೈದು ಶೇಕಡ ಅಂತ ಬಂದರೆ ಆಗಲೇ ಇಲ್ಲ.

ಇಲ್ಲಿ ಒಂದು ಮೋಸ ಇದೆ. ಸಾವಯವ ವಸ್ತು ಕರಗದೆ ತಳದಲ್ಲಿ ಕೂತರೂ, ಗೋಪಣ್ಣನ ಟ್ಯಾಂಕಿಯ ಹಾಗೆ ಮೇಲೆ ಕೆನೆ ಕಟ್ಟಿದರೂ ಸ್ಲರಿಯಲ್ಲಿ ಅದು ಕಡಿಮೆಯೇ ಕಾಣುತ್ತದೆ. ಅದನ್ನು ಹಿಡಿಯಲು ಬೂದಿ ಸಹಾಯಕ್ಕೆ ಬರುತ್ತದೆ. ಬೂದಿ ಗ್ಯಾಸ್ ಆಗಲಾರದು. ದಿನಕ್ಕೆ ಮೂರೂವರೆ ಕಿಲೋ ಒಳಗೆ ಹೋಗಿ ಎರಡೇ ಕಿಲೋ ಹೊರಗೆ ಬರುತ್ತಿದ್ದರೆ ಉಳಿದದ್ದು ಒಳಗೆ ಕೂರುತ್ತಿದೆ ಅಂತಲೇ ಅರ್ಥ. ನಮ್ಮ ಕಡೆ ಕೆಂಪು ಕಲ್ಲಿನ ಅಂಗಳದ ಜಲ್ಲಿಪುಡಿ, ಮಣ್ಣು ಸಗಣಿಯ ಜೊತೆ ಹೋಗುವುದು ಸಾಮಾನ್ಯ. ವರ್ಷಗಟ್ಟಲೆ ಕೂತರೆ ಆರು ಘನಮೀಟರಿನ ಟ್ಯಾಂಕಿ ನಾಲ್ಕೂವರೆ ಆಗಿರುತ್ತದೆ, ಮೇಲಿನಿಂದ ನೋಡಿದವರಿಗೆ ತಿಳಿಯುವುದೇ ಇಲ್ಲ.

ಕಾರ್ಕಳ_ಅಡಿಕೆ

ನೀವೆಲ್ಲ ಗ್ಯಾಸ್ ಗ್ಯಾಸ್ ಅಂತ ಒಂದೇ ಸಮ ಹೇಳ್ತಿದ್ದೀರಿ. ಸಿಲಿಂಡರ್ ಲೆಕ್ಕದಲ್ಲಿ ನೋಡಿ: ಒಂದು ಘನಮೀಟರ್ ಗೋಬರ್ ಗ್ಯಾಸ್ ಅಂದರೆ 0.43 ಕಿಲೋ ಎಲ್‌ಪಿಜಿ, ಒಂದು 14.2 ಕಿಲೋ ಸಿಲಿಂಡರಿಗೆ 33 ಘನಮೀಟರ್ ಬೇಕು. ದಿನಕ್ಕೆ ಎರಡು ಬಂದರೂ ಹದಿನಾರು ದಿನಕ್ಕೊಂದು ಸಿಲಿಂಡರ್ ಉಳಿಯಿತು, ಸಾಲದಾ? ನನಗೆ ಟ್ಯಾಂಕಿಯ ಕೆಲಸ ಅಂದರೆ ತೋಟಕ್ಕೆ ಹೋಗುವ ಸ್ಲರಿ. ಅಡಿಕೆ ಬುಡಕ್ಕೆ ಅದು ಬೀಳದಿದ್ದರೆ ಗ್ಯಾಸ್ ಇದ್ದು ಏನು ಪ್ರಯೋಜನ?

ಬ್ರಹ್ಮಾವರ_ಅಕ್ಕ

ಅಣ್ಣ, ನಿಮ್ಮ ಮನೆಯಲ್ಲಿ ಒಲೆಯ ಎದುರು ನಿಲ್ಲುವವರನ್ನು ಒಮ್ಮೆ ಕೇಳಿ ನೋಡಿ, ಎರಡು ಸಾಲ್ತದಾ ನಾಲ್ಕು ಬೇಕಾ ಅಂತ. 🙂

ಅಳತೆಗೋಲು

ಕಾರ್ಕಳದವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಸ್ಲರಿಯೂ ಲೆಕ್ಕದೊಳಗೆ ಬರಬೇಕು. ಒಳಗೆ ಹೋದ ಸಾರಜನಕ, ರಂಜಕ ಗ್ಯಾಸ್ ಆಗಿ ಹೋಗುವುದಿಲ್ಲ. ಸಾರಜನಕದ ಒಂದು ಪಾಲು ಅಮೋನಿಯಂ ರೂಪಕ್ಕೆ ಬರುತ್ತದೆ, ಗಿಡಕ್ಕೆ ಬೇಗ ಸಿಗುತ್ತದೆ. ಅದೇ ಕಾರಣಕ್ಕೆ ತೆರೆದ ಗುಂಡಿಯಲ್ಲಿ ಬಿಸಿಲಿಗೆ ಇಟ್ಟರೆ ಅಮೋನಿಯ ಆಗಿ ಹಾರಿಯೂ ಹೋಗುತ್ತದೆ. ಮತ್ತೆ ಅಲ್ಲಿಯೂ ನೀರಿನದೇ ಕಥೆ: 550 ಲೀಟರ್ ನೀರಾದ ಸ್ಲರಿಯನ್ನು ತೋಟಕ್ಕೆ ಪಂಪ್ ಮಾಡುವುದು ಅಂದರೆ ಕರೆಂಟು ಖರ್ಚು ಮಾಡಿ ಹಟ್ಟಿ ತೊಳೆದ ನೀರನ್ನು ಗುಡ್ಡ ಹತ್ತಿಸಿದ ಹಾಗೆ. ಒಂದು ಎಚ್ಚರಿಕೆ. ನಮ್ಮ 28–30 ಡಿಗ್ರಿಯಲ್ಲಿ ರೋಗಾಣು ಕಡಿಮೆಯಾಗುತ್ತವೆ, ಪೂರ್ತಿ ಸಾಯುವುದಿಲ್ಲ. ಅಡಿಕೆ, ತೆಂಗಿನ ಬುಡಕ್ಕೆ ಧಾರಾಳ ಹಾಕಿ. ಬಸಳೆ, ಹರಿವೆಯ ಎಲೆಯ ಮೇಲೆ ಸುರಿಯಬೇಡಿ.

ಮೂಡುಬಿದಿರೆ_ಹಂದಿ_ಕೋಳಿ

ಈ ಲೆಕ್ಕ ಹಂದಿ ಗೊಬ್ಬರಕ್ಕೂ ಹೊಂದ್ತದಾ? ಕೋಳಿ ಗೊಬ್ಬರ?

ಅಳತೆಗೋಲು

ವಿಧಾನ ಅದೇ, ಅಂಕಿ ಬೇರೆ. ಹಂದಿಯದ್ದು ಕಿಲೋ ಸಾವಯವಕ್ಕೆ ದನದ್ದಕ್ಕಿಂತ ಹೆಚ್ಚು ಗ್ಯಾಸ್ ಕೊಡುತ್ತದೆ. ದನದ ಹೊಟ್ಟೆಯಲ್ಲಿ ಅರ್ಧ ಕೆಲಸ ಮೊದಲೇ ಆಗಿರುತ್ತದೆ. ಕೋಳಿಯದ್ದರಲ್ಲಿ ಸಾರಜನಕ ಜಾಸ್ತಿ, ಅಮೋನಿಯ ಏರಿದರೆ ಜೀವಾಣುಗಳಿಗೆ ತಡೆ. ಅದಕ್ಕೇ ಬೇರೆ ಎಳೆ ತೆರೆಯಿರಿ, ಇಲ್ಲಿ ದನ ಸಾಕು.

ಬ್ರಹ್ಮಾವರ_ಅಕ್ಕ

ಗ್ಯಾಸಿನಲ್ಲಿ ಮೀಥೇನ್ ಎಷ್ಟು ಅಂತ ಮನೆಯಲ್ಲಿ ನೋಡಲಿಕ್ಕೆ ಆಗ್ತದಾ? ಕೆಲವು ದಿನ ಉರಿ ನೀಲಿ ಇರ್ತದೆ, ಕೆಲವು ದಿನ ಹತ್ತಿಕೊಳ್ಳುವುದೇ ಇಲ್ಲ.

ಅಳತೆಗೋಲು

ಆಗುತ್ತದೆ, ಜಾಗ್ರತೆಯಿಂದ. ಕಾಸ್ಟಿಕ್ ಸೋಡಾದ ಗಟ್ಟಿ ದ್ರಾವಣ ಇಂಗಾಲದ ಡೈಆಕ್ಸೈಡನ್ನೂ ಹೈಡ್ರೋಜನ್ ಸಲ್ಫೈಡನ್ನೂ ಹೀರುತ್ತದೆ, ಮೀಥೇನನ್ನು ಮುಟ್ಟುವುದಿಲ್ಲ. ದೊಡ್ಡ ಸಿರಿಂಜಿನಲ್ಲಿ ಸ್ವಲ್ಪ ದ್ರಾವಣ ಎಳೆದು, ಅದರ ಮೇಲೆ 50 ಮಿಲಿ ಗ್ಯಾಸ್ ಎಳೆದು, ಬಾಯಿ ಮುಚ್ಚಿ ಕುಲುಕಿ. ಪಿಸ್ಟನ್ ತಾನಾಗಿ ಒಳಗೆ ಸರಿಯುತ್ತದೆ. ಗ್ಯಾಸ್ 28 ಮಿಲಿ ಉಳಿದರೆ ಮೀಥೇನ್ 56 ಶೇಕಡ. ಸಗಣಿ ಗ್ಯಾಸಿನಲ್ಲಿ 55ರಿಂದ 60 ಇದ್ದರೆ ಸರಿ. ಪೈಪಿನಲ್ಲಿ ಗಾಳಿ ಸೇರಿದ್ದರೆ ಅದೂ ಹೀರದೆ ಉಳಿದು ಮೀಥೇನ್ ಅಂತ ಕಾಣಿಸಿಕೊಳ್ಳುತ್ತದೆ, ಹಾಗಾಗಿ ಮೊದಲು ಸ್ವಲ್ಪ ಗ್ಯಾಸ್ ಹೊರಗೆ ಬಿಟ್ಟು ಆಮೇಲೆ ಎಳೆಯಿರಿ. ಕಾಸ್ಟಿಕ್ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಕೈಗವಸು, ಕನ್ನಡಕ ಇಲ್ಲದೆ ಮಾಡಬೇಡಿ, ಮಕ್ಕಳು ಇರುವಾಗ ಬೇಡವೇ ಬೇಡ.

ಒಂದು ವಾರ ಸಾಕಾ ಅಂತ ಕೇಳಿದ್ದಿರಲ್ಲ. ಸಾಲದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಗ್‌ಸ್ಟಾರ್ ಕಾರ್ಯಕ್ರಮದವರು ಡೈರಿ, ಹಂದಿ ಸಾಕಣೆಯ ದೊಡ್ಡ ಟ್ಯಾಂಕಿಗಳಿಗೆ ಒಂದು ಅಳತೆ ಪದ್ಧತಿಯನ್ನು ಬಳಕೆಗೆ ತಂದರು, ಅದು ಹನ್ನೆರಡು ತಿಂಗಳ ಅಳತೆ ಕೇಳುತ್ತದೆ. ಅಲ್ಲಿ ಹಿಮ, ಇಲ್ಲಿ ಮಳೆ, ಕಾರಣ ಬೇರೆಯಾದರೂ ನ್ಯಾಯ ಒಂದೇ. ಮಾರ್ಚ್‌ನ ಒಂದು ವಾರ ನಿಮ್ಮ ಟ್ಯಾಂಕಿಯ ಅತಿ ಒಳ್ಳೆಯ ವಾರ. ಕಟ್ಟಿಕೊಡುವವರು ತೋರಿಸುವುದೂ ಅದನ್ನೇ.

ಬ್ರಹ್ಮಾವರ_ಅಕ್ಕ

ವರ್ಷವಿಡೀ ದಿನಾ ಸಗಣಿ ತೂಗುವವರು ಯಾರು? ಹಾಲು ಕರೆದು ಸೊಸೈಟಿಗೆ ಕೊಟ್ಟು, ಹಿಂಡಿ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ ಆಮೇಲೆ ತಕ್ಕಡಿ ಹಿಡಿಯಬೇಕಾ? ಆಗುವ ಕೆಲಸ ಹೇಳಿ.

ಅಳತೆಗೋಲು

ನ್ಯಾಯ. ಮೀಟರನ್ನು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಓದಿ, ಅರ್ಧ ನಿಮಿಷದ ಕೆಲಸ. ಸಗಣಿ ತೂಕ, ನೀರಿನ ಲೆಕ್ಕ ವಾರಕ್ಕೆ ಒಂದು ದಿನ ಸಾಕು, ಆದರೆ ಆ ದಿನ ನಿಗದಿ ಇರಲಿ, ಅನುಕೂಲ ನೋಡಿ ಬದಲಾಯಿಸಬೇಡಿ. ಸ್ಲರಿಯ ಉಷ್ಣತೆ ಅದೇ ದಿನ. ಲ್ಯಾಬಿಗೆ ಮಾದರಿ ವರ್ಷಕ್ಕೆ ಮೂರು ನಾಲ್ಕು ಸಲ, ಅದರಲ್ಲಿ ಒಂದು ಆಟಿಯಲ್ಲಿ ಆಗಲೇಬೇಕು. ಮಾದರಿ ತೆಗೆಯುವಾಗ ಒಂದು ಬುಟ್ಟಿಯಿಂದ ಹಿಡಿಯಷ್ಟು ತೆಗೆದು ಕೊಟ್ಟರೆ ಆ ಹಿಡಿಯ ವಿಷಯ ಮಾತ್ರ ಗೊತ್ತಾಗುತ್ತದೆ. ಮೂರು ನಾಲ್ಕು ದಿನದ್ದು ಸ್ವಲ್ಪ ಸ್ವಲ್ಪ ಫ್ರಿಜ್ಜಿನಲ್ಲಿ ಇಟ್ಟು ಕಲಸಿ ಕೊಡಿ. (ಫ್ರಿಜ್ಜಿನಲ್ಲಿ ಸಗಣಿ ಇಡಲು ಮನೆಯಲ್ಲಿ ಒಪ್ಪಿಗೆ ಸಿಗುವುದು ನಿಮ್ಮ ನಿಮ್ಮ ಸಾಮರ್ಥ್ಯ.) ಒಣಗಿಸಿ ಸುಡುವ ಪರೀಕ್ಷೆ ದೊಡ್ಡ ವಿಷಯವಲ್ಲ, ಓವನ್, ಫರ್ನೆಸ್ ಇರುವ ಯಾವ ಇಂಜಿನಿಯರಿಂಗ್ ಕಾಲೇಜಿನ ಪರಿಸರ ಲ್ಯಾಬಿನಲ್ಲೂ ಆಗುತ್ತದೆ. ಸುರತ್ಕಲ್, ಮಣಿಪಾಲ ನಮಗೆ ದೂರವಲ್ಲ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ದಾರಿ ಹೇಳಿಯಾರು.

ಶುರು ಮಾಡುವುದು ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಮೊದಲೇ ಆಗಲಿ. ಮಳೆಯ ಮೊದಲಿನ ಅಂಕಿ ಕೈಯಲ್ಲಿದ್ದರೆ ಮಳೆಗಾಲದ್ದು ಅರ್ಥವಾಗುತ್ತದೆ.

ಹೆಬ್ರಿ_ಹಟ್ಟಿ

ಇವತ್ತು ಬೆಳಿಗ್ಗೆ ಪೈಪ್ ಅಳೆದೆ. ಇಪ್ಪತ್ತು ಲೀಟರ್ ಬಕೆಟ್ ತುಂಬಲು 70 ಸೆಕೆಂಡ್. ಎರಡು ಹೊತ್ತು ಸೇರಿ ಹಟ್ಟಿ ತೊಳೆಯಲು 25 ನಿಮಿಷ. ಸಗಣಿ ಬುಟ್ಟಿ ತೂಗಿದ್ದು, ದಿನಕ್ಕೆ 100 ಕಿಲೋ ಹತ್ತಿರ. ಕಟ್ಟಿದ ಕಾಗದ ಸಿಕ್ಕಿತು, ಸ್ಲರಿ ಜಾಗ ಆರು ಘನಮೀಟರ್ ಅಂತಲೇ ಇದೆ.

ಅಳತೆಗೋಲು

ನಿಮಿಷಕ್ಕೆ 17 ಲೀಟರ್, 25 ನಿಮಿಷಕ್ಕೆ ಸುಮಾರು 430. ಸಗಣಿ 100. ದನಗಳ ಮೂತ್ರವೂ ಅದೇ ಕಣಿಗೆ, 50–60 ಅಂತ ಇಟ್ಟುಕೊಳ್ಳಿ. ಒಟ್ಟು 590. ಆರು ಸಾವಿರವನ್ನು ಭಾಗಿಸಿದರೆ ಹತ್ತು ದಿನ. ಒಂದು ಹನಿ ಮಳೆ ಬೀಳದ ದಿನದಲ್ಲೇ ಹತ್ತು! ಘನವಸ್ತು 9 ಶೇಕಡ ಇರಬೇಕಾದ ಸ್ಲರಿ ನಿಮ್ಮಲ್ಲಿ 3 ಶೇಕಡ. ಟ್ಯಾಂಕಿ ಕಟ್ಟಿದವರನ್ನು ಬೈಯಲು ನನಗೆ ಇನ್ನೂ ಕಾರಣ ಕಾಣುತ್ತಿಲ್ಲ, ಕಣಿಯನ್ನು ನೇರ ಕೊಟ್ಟದ್ದು ಅವರೇ ಆದರೆ ಅದಕ್ಕೆ ಬೈಯಬಹುದು.

ಹೆಬ್ರಿ_ಹಟ್ಟಿ

ಕೊಟ್ಟದ್ದು ಅವರೇ. ಹಾಗಾದರೆ ಮೀಟರ್ ಈಗಲೇ ತರಿಸಬೇಕಾ?

ಅಳತೆಗೋಲು

ತರಿಸಿ, ಹಾಕಿಸಿ, ಈಗಿನ ಅಂಕಿ ಎರಡು ವಾರ ಬರೆದಿಡಿ. ಆಮೇಲೆ ಸಗಣಿಯನ್ನು ಮೊದಲು ಕೈಯಲ್ಲಿ ಎತ್ತಿ ಇನ್ಲೆಟ್ಟಿಗೆ ಹಾಕಿ, ತೊಳೆದ ನೀರನ್ನು ಬೇರೆ ಕಣಿಯಲ್ಲಿ ನೇರ ತೋಟಕ್ಕೆ ಬಿಡಿ, ಕಲಸಲು ಬೇಕಾದ ನೂರು ಲೀಟರ್ ಮಾತ್ರ ಬಕೆಟ್ಟಿನಲ್ಲಿ ಅಳೆದು ಹಾಕಿ. ಇನ್ಲೆಟ್ಟಿನ ಸುತ್ತ ಒಂದು ಗೇಣು ಕಟ್ಟೆ, ಮೇಲೊಂದು ಶೀಟು. ಬದಲಾಯಿಸಿದ ಮರುದಿನವೇ ಗ್ಯಾಸ್ ಏರಿತಾ ಅಂತ ನೋಡಬೇಡಿ, ಒಳಗಿರುವ ನೀರು ಹೊರಗೆ ಹೋಗಿ ಹೊಸದು ನೆಲೆಗೊಳ್ಳಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಸಗಣಿ ಜಾಸ್ತಿ ಹಾಕುವುದೂ ಬೇಡ.

ಪಡುಬಿದ್ರಿ_ಫಿಟ್ಟರ್

ಮೀಟರ್ ಸಿಕ್ಕಿದ ಮೇಲೆ ಪೈಪಿನ ಅಡ್ಡಳತೆ ಎಷ್ಟು ಅಂತ ಇಲ್ಲಿ ಹಾಕಿ. ದೀನಬಂಧುವಿಗೆ ಮುಕ್ಕಾಲು ಇಂಚಿನದ್ದು ಇದ್ದರೆ ನನ್ನ ಹತ್ತಿರ ಜೋಡಣೆ ಉಂಟು.

ಕುಂದಾಪ್ರ_ಗೋಪ

ಹೆಬ್ರಿಯವ್ರೇ, ಆ ಎರಡ್ ವಾರದ ಲೆಕ್ಕನೂ, ಮೂರ್ ತಿಂಗ್ಳ್ ಕಳ್ದ ಮೇಲಿಂದೂ ಎರಡೂ ಇಲ್ಲೇ ಹಾಕಿ ಅಕಾ. ನಾನೂ ಡ್ರಮ್ಮಿಗೆ ಪೇಂಟಲ್ಲಿ ಸೆಂಟಿಮೀಟರ್ ಗೆರೆ ಎಳೂಕ್ ಹೊರ್ಟಿದೆ.